ಸ್ಪೈ ಸಿನಿಮಾಕ್ಕೆ ಒಬ್ಬ ಒಳ್ಳೆ ಚೇಲ ಬೇಕಾಗಿದ್ದಾನೆ

ನನ್ನ ಮೊದಲ ಶಾರ್ಟ್ ಫಿಲ್ಮಿನಲ್ಲಿ ವಿಲನ್‌ಗೆ ನಾಲ್ಕು ಜನ ಚೇಲಾಗಳಿದ್ದರು. ಎಲ್ಲರೂ ನಮ್ಮ ಏರಿಯಾದ ಜಿಮ್ ಹುಡುಗರು. ಎಲ್ಲರಿಗೂ ಕಪ್ಪು ಟೀ ಶರ್ಟ್, ಕಪ್ಪು ಕನ್ನಡಕ. ಒಂದು ಖಾಲಿ ಗೋಡೌನಿನಲ್ಲಿ ರಾತ್ರಿಯಿಡೀ ಶೂಟ್ ಮಾಡಿದೆವು. ಗೂಢಚಾರ ಹೀರೋ ಬರುತ್ತಾನೆ, ನಾಲ್ವರಿಗೂ ಬಾರಿಸುತ್ತಾನೆ, ಪೆನ್‌ಡ್ರೈವ್ ಎತ್ತಿಕೊಂಡು ಹೋಗುತ್ತಾನೆ. ಒಟ್ಟು 12 ನಿಮಿಷ. ಗೆಳೆಯನ ಮನೆ ಟಿವಿಗೆ ಹಾಕಿ ತೋರಿಸಿದೆ. ಫೈಟ್ ಶುರುವಾಗುತ್ತಿದ್ದ ಹಾಗೆ ಅವನ ಅಮ್ಮನಿಗೆ ನಗು ತಡೆಯಲಿಲ್ಲ. “ಅಲ್ಲ ಕಣೋ, ರೇಷನ್ ಅಂಗಡೀಲಿ ನಿಂತ ಹಾಗೆ ಒಬ್ಬೊಬ್ಬರೇ ಬಂದು ಹೊಡೆಸ್ಕೊಂಡು ಹೋಗ್ತಿದ್ದಾರಲ್ಲೋ ಪಾಪ!” ಅಂದರು.

ಅವತ್ತು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯಿತು, ಅವರು ಹೇಳಿದ್ದು ಪೂರ್ತಿ ನಿಜ. ನಾನು ಹೀರೋಗೆ ಮೂರು ಪುಟ ಬರೆದಿದ್ದೆ, ವಿಲನ್‌ಗೆ ಎರಡು ಪುಟ. ಚೇಲಾಗಳಿಗೆ ಬರೆದಿದ್ದು ಒಂದೇ ಸಾಲು: “ನಾಲ್ವರು ಬಂದು ಹೊಡೆಸಿಕೊಳ್ಳುತ್ತಾರೆ.”

ಕನ್ನಡಕ್ಕೆ ಸ್ಪೈ ಸಿನಿಮಾ ಹೊಸದೇನಲ್ಲ. 1968ರಲ್ಲೇ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ ‘ಜೇಡರ ಬಲೆ’ ತೆಗೆದರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಅಂತ ಗೋವಾಕ್ಕೆ ಕರೆದುಕೊಂಡು ಹೋದರು. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು. ಅದರಲ್ಲಿ ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡಿದ ಹಾಡು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಸರಿ, ಆ ಸಿನಿಮಾಗಳ ಚೇಲಾಗಳಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ? ನನಗೂ ಬರಲ್ಲ. ಅದೇ ಬಾಂಡ್ ಸಿನಿಮಾ ನೋಡಿದವರನ್ನು ಕೇಳಿ. ಎಷ್ಟೋ ಜನರಿಗೆ ಕಥೆ ಮರೆತಿರುತ್ತದೆ, ವಿಲನ್ ಹೆಸರೂ ಮರೆತಿರುತ್ತದೆ. ಟೋಪಿ ಎಸೆಯುವವನು ಮತ್ತು ಕಬ್ಬಿಣದ ಹಲ್ಲಿನವನು ಮಾತ್ರ ನೆನಪಿರುತ್ತಾರೆ.

ಸ್ಪೈ ಕಥೆ ಬರೆಯುವವರಿಗೆ, ಕೈಯಲ್ಲಿ ಸಣ್ಣ ಬಜೆಟ್ ಇಟ್ಟುಕೊಂಡು ಶಾರ್ಟ್ ಫಿಲ್ಮ್ ಮಾಡುವವರಿಗೆ ಈ ಲೇಖನ. ಹೆಜ್ಜೆ ಹೆಜ್ಜೆಯಾಗಿ ಒಬ್ಬ ಚೇಲನನ್ನು ಕಟ್ಟೋಣ.

ಹೆಜ್ಜೆ 1: ಅವನಿಗೊಂದು ಕೆಲಸ ಕೊಡಿ

ಹೊಡೆಯುವುದು ಕೆಲಸ ಅಲ್ಲ. ಹೀರೋ ಬರುವುದು ಎಲ್ಲೋ ಒಂದು ದಿನ. ಉಳಿದ ದಿನ ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ಇದಕ್ಕೆ ಉತ್ತರ ಸಿಗದೆ ಮುಂದಿನ ಹೆಜ್ಜೆಗೆ ಹೋಗಬೇಡಿ.

1964ರ ‘ಗೋಲ್ಡ್‌ಫಿಂಗರ್’ ನೋಡಿ. ಅದರ ಆಡ್‌ಜಾಬ್ ತನ್ನ ಧಣಿಯ ಡ್ರೈವರ್. ಗಾಲ್ಫ್ ಆಡುವಾಗ ಬ್ಯಾಗ್ ಹೊರುವವನೂ ಅವನೇ. ಧಣಿಯ ಚೆಂಡು ಹುಲ್ಲಿನಲ್ಲಿ ಕಳೆದುಹೋದಾಗ ಇವನು ತಣ್ಣಗೆ ನಿಂತುಕೊಂಡು ತನ್ನ ಪ್ಯಾಂಟಿನ ಕಾಲಿನೊಳಗಿಂದ ಇನ್ನೊಂದು ಚೆಂಡು ಉದುರಿಸುತ್ತಾನೆ. ಚೆಂಡು ಸಿಕ್ಕಿತು ನೋಡಿ ಅನ್ನುವ ಹಾಗೆ ಮುಖ ಮಾಡುತ್ತಾನೆ. ಧಣಿ ಮೋಸಗಾರ, ಇವನು ಆ ಮೋಸದ ಪಾಲುದಾರ, ಇಬ್ಬರಿಗೂ ಇದು ಅಭ್ಯಾಸ ಆಗಿಹೋಗಿದೆ. ಇಷ್ಟೆಲ್ಲ ಒಂದು ಚೆಂಡಿನಲ್ಲೇ ಗೊತ್ತಾಗುತ್ತದೆ. ಒಂದು ಡೈಲಾಗೂ ಇಲ್ಲ.

ನಮ್ಮ ಉದಾಹರಣೆಗೆ ಒಂದು ಕಥೆ ಇಟ್ಟುಕೊಳ್ಳೋಣ. ಕಾರವಾರದ ನೌಕಾನೆಲೆಯ ಗುಟ್ಟು ಕದಿಯಲು ಹೊರಟ ಒಬ್ಬ ವಿಲನ್. ಹೊರಗಿನವರಿಗೆ ಅವನು ಮೀನು ರಫ್ತು ಮಾಡುವ ವ್ಯಾಪಾರಿ. ಅವನ ಬಲಗೈ ಬಂಟ ಶಿರಸಿ ಕಡೆಯ ಒಬ್ಬ ಕೊನೆಗಾರ. ಬಯಲುಸೀಮೆಯವರಿಗೆ ಹೇಳಬೇಕೆಂದರೆ, ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವವನು. ಒಂದು ಮರ ಮುಗಿದ ಮೇಲೆ ಕೆಳಗೆ ಇಳಿಯದೆ, ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರಕ್ಕೆ ದಾಟುವವನು. ಇದನ್ನು ಕಣ್ಣಾರೆ ನೋಡಿದವರಿಗೆ ಗೊತ್ತು, ಯಾವ ಸ್ಟಂಟ್‌ಗೂ ಕಡಿಮೆಯಿಲ್ಲ.

ಬಾಸ್‌ಗೆ ಇವನಿಂದ ಏನು ಉಪಯೋಗ? ಏಣಿ ಹೋಗದ ಕಡೆ ಇವನು ಹೋಗುತ್ತಾನೆ. ಮೊಬೈಲ್ ಟವರ್, ಹಡಗಿನ ಕಂಬ, ಲಾಡ್ಜಿನ ಹಿಂದಿನ ಪೈಪು. ಕ್ಯಾಮೆರಾ ಕಟ್ಟಿ ಬರುತ್ತಾನೆ, ವೈರ್ ಕತ್ತರಿಸಿ ಬರುತ್ತಾನೆ. ಯಾರನ್ನಾದರೂ ಮುಗಿಸಬೇಕಾದರೆ ಅದೂ ಮೇಲಿನಿಂದಲೇ. ನೋಡಿ, ಕೆಲಸ ಗೊತ್ತಾದ ತಕ್ಷಣ ಸೀನುಗಳು ತಾವಾಗೇ ಬರತೊಡಗಿದವು.

ಹೆಜ್ಜೆ 2: ಅಲ್ಲೇ ಯಾಕಿದ್ದಾನೆ?

ಸಂಬಳಕ್ಕೆ ಅಂತ ಬರೆದು ಕೈ ತೊಳೆದುಕೊಳ್ಳಬಹುದು. ಆದರೆ ಸಂಬಳಕ್ಕಾಗಿ ಯಾರೂ ಹಾರುವ ವಿಮಾನದ ಮೇಲೆ ಹತ್ತುವುದಿಲ್ಲ. 1983ರ ‘ಆಕ್ಟೋಪಸ್ಸಿ’ಯಲ್ಲಿ ನಮ್ಮ ಕಬೀರ್ ಬೇಡಿ ಗೋಬಿಂದ ಅನ್ನುವ ಬಂಟ. ಪಗಡೆ ದಾಳವನ್ನು ಬರಿಗೈಲಿ ಹಿಂಡಿ ಪುಡಿ ಮಾಡುವ ಆಸಾಮಿ. ಕೊನೆಯಲ್ಲಿ ವಿಮಾನ ಆಕಾಶದಲ್ಲಿದೆ, ಬಾಂಡ್ ಅದರ ಬೆನ್ನಿಗೆ ಅಂಟಿಕೊಂಡಿದ್ದಾನೆ. ಹೊರಗೆ ಹೋಗಿ ಅವನನ್ನು ಹಿಡಿ ಅಂತ ಧಣಿ ಹೇಳುತ್ತಾನೆ. ಹೊರಗಾ ಅನ್ನುವ ಹಾಗೆ ಗೋಬಿಂದ ಒಂದು ಕ್ಷಣ ಧಣಿಯ ಮುಖ ನೋಡುತ್ತಾನೆ. ಆಮೇಲೆ ಹೋಗುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಕ್ಷಣ ಅದು. ಆ ಒಂದು ನೋಟದಲ್ಲಿ ಅವನು ಬರೀ ಮಾಂಸಖಂಡ ಅಲ್ಲ, ಮನುಷ್ಯ ಅಂತ ಗೊತ್ತಾಗಿಬಿಡುತ್ತದೆ.

ನಮಗೆ ಇದು ಹೊಸ ಪಾಠವೂ ಅಲ್ಲ ಬಿಡಿ. ರಾಮಾಯಣದ ಮಾರೀಚನೂ ರಾವಣನಿಗೆ ಬೇಡ ಅಂತಲೇ ಹೇಳುತ್ತಾನೆ. ಒಪ್ಪದಿದ್ದರೆ ರಾವಣನ ಕೈಲಿ ಸಾವು, ಹೋದರೆ ರಾಮನ ಕೈಲಿ ಸಾವು. ಲೆಕ್ಕ ಹಾಕಿ ಜಿಂಕೆ ಆಗಲು ಒಪ್ಪಿಕೊಳ್ಳುತ್ತಾನೆ.

ಕಾರಣ ಅಂತ ಇದ್ದರೆ ಅದನ್ನು ಮುರಿಯುವ ದಾರಿಯೂ ಇರುತ್ತದೆ. 1979ರ ‘ಮೂನ್‌ರೇಕರ್’ನಲ್ಲಿ ಕಬ್ಬಿಣದ ಹಲ್ಲಿನ ಜಾಸ್ ಕೊನೆಗೆ ಬಾಂಡ್ ಕಡೆ ಸೇರುತ್ತಾನೆ. ಹೊಡೆತ ತಿಂದಲ್ಲ. ಅವನ ಧಣಿ ದೇಹದಲ್ಲಿ ಒಂದು ಕುಂದೂ ಇಲ್ಲದವರದೇ ಹೊಸ ಲೋಕ ಕಟ್ಟಲು ಹೊರಟಿರುತ್ತಾನೆ. ಆ ಲೋಕದಲ್ಲಿ ನಿನಗೂ ನಿನ್ನ ಹುಡುಗಿಗೂ ಜಾಗ ಇಲ್ಲ ಅನ್ನುವುದು ಧಣಿಯ ಬಾಯಿಂದಲೇ ಬರುವ ಹಾಗೆ ಬಾಂಡ್ ಮಾಡುತ್ತಾನೆ. ಅಷ್ಟೇ ಸಾಕಾಯಿತು.

ನಮ್ಮ ಕೊನೆಗಾರನಿಗೆ ಒಬ್ಬ ತಮ್ಮ ಇದ್ದ ಅಂತಿಟ್ಟುಕೊಳ್ಳಿ. ಅಣ್ಣ ಮೇಲೆ ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಟ್ಟರೆ, ಕೆಳಗೆ ಆ ನೇಣು ಹಿಡಿಯುತ್ತಿದ್ದವನು ತಮ್ಮ. ಒಂದು ಮಳೆಗಾಲದಲ್ಲಿ ತಮ್ಮನೇ ಮರ ಹತ್ತಿ ಬಿದ್ದ. ಸೊಂಟ ಹೋಯಿತು. ಆಸ್ಪತ್ರೆ ಬಿಲ್ ಕಟ್ಟಿದವನು ಈ ಮೀನಿನ ಸಾಹುಕಾರ. ಇದನ್ನೆಲ್ಲ ಫ್ಲ್ಯಾಶ್‌ಬ್ಯಾಕ್ ಹಾಕಿ ಹೇಳಬೇಡಿ. ಕೊನೆಗಾರ ಪ್ರತಿ ರಾತ್ರಿ ಒಂದೇ ನಂಬರಿಗೆ ಫೋನ್ ಮಾಡಿ “ಊಟ ಆಯ್ತಾ? ಮಾತ್ರೆ ತಗೊಂಡ್ಯಾ?” ಅಂತ ಕೇಳಲಿ. ಎರಡು ಸಲ ತೋರಿಸಿ. ಮೂರನೇ ಸಲ ಆ ನಂಬರಿನಿಂದಲೇ ಫೋನ್ ಬರಲಿ, ಮಾತಾಡುವವನು ಬಾಸ್ ಆಗಿರಲಿ.

ಹೆಜ್ಜೆ 3: ಮೈಮೇಲೆ ಒಂದೇ ಒಂದು ಗುರುತು

ಒಂದೇ ಒಂದು. ಗಾಯದ ಗುರುತು, ಚಿನ್ನದ ಹಲ್ಲು, ಹಾವಿನ ಟ್ಯಾಟೂ, ಎರಡು ಕತ್ತಿ ಎಲ್ಲವನ್ನೂ ಒಬ್ಬನ ಮೇಲೇ ಹೇರಿದರೆ ಅವನು ಜಾತ್ರೆ ಅಂಗಡಿ ಆಗುತ್ತಾನೆ. ಆ ಒಂದು ವಸ್ತು ಅವನ ಕೆಲಸದಿಂದ ಬಂದಿದ್ದರೆ ಇನ್ನೂ ಒಳ್ಳೆಯದು. ಆಡ್‌ಜಾಬ್‌ನ ಟೋಪಿ ಡ್ರೈವರ್ ಟೋಪಿ ತಾನೇ ಅನ್ನುವ ಹಾಗಿರುತ್ತದೆ. ಅಂಚಿನಲ್ಲಿ ಉಕ್ಕು ಇದೆ ಅಂತ ಗೊತ್ತಾಗುವುದು ಅದು ಹಾರಿ ಕಲ್ಲಿನ ಬೊಂಬೆಯ ತಲೆ ಉರುಳಿಸಿದಾಗ.

ಇಲ್ಲಿ ಒಂದು ಪ್ರಾಕ್ಟಿಕಲ್ ಮಾತು. ಆ ವಸ್ತುವನ್ನು ನಟ ದಿನವಿಡೀ ಹೊತ್ತುಕೊಂಡಿರಬೇಕು. ಜಾಸ್ ಪಾತ್ರ ಮಾಡಿದ ರಿಚರ್ಡ್ ಕೀಲ್ 7 ಅಡಿಗೂ ಎತ್ತರದ ಮನುಷ್ಯ. ಆ ಲೋಹದ ಹಲ್ಲು ಹಾಕಿಕೊಂಡರೆ ಬಾಯಿ ನೋವು, ಒಂದು ಸಲಕ್ಕೆ ಕೆಲವೇ ನಿಮಿಷ ತಡೆದುಕೊಳ್ಳಲು ಆಗುತ್ತಿತ್ತು. ‘ಮೂನ್‌ರೇಕರ್’ನಲ್ಲಿ ಅವನು ಕೇಬಲ್ ಕಾರಿನ ದಪ್ಪ ಹಗ್ಗವನ್ನು ಕಚ್ಚಿ ತುಂಡರಿಸುತ್ತಾನಲ್ಲ, ಆ ಕೇಬಲ್ ಜ್ಯೇಷ್ಠಮಧುವಿನ ಮಿಠಾಯಿ! ನಮ್ಮಲ್ಲಿ ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಅದೇ ಜ್ಯೇಷ್ಠಮಧು. ತೆರೆಯ ಮೇಲೆ ಉಕ್ಕು ತಿನ್ನುತ್ತಿದ್ದ ರಾಕ್ಷಸ ಸೆಟ್ಟಿನಲ್ಲಿ ತಿನ್ನುತ್ತಿದ್ದದ್ದು ಮಿಠಾಯಿ.

ನಮ್ಮ ಕೊನೆಗಾರನ ಗುರುತು ಏನು? ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಬಾಗಿದ ಕತ್ತಿ. ಬಾಸ್ ಅವನಿಗೆ ಒಳ್ಳೆ ಕೋಟು ಹೊಲಿಸಿದ್ದಾನೆ. ಕೋಟಿನ ಒಳಗೆ ಆ ಕೊಕ್ಕೆ, ಕತ್ತಿ ಹಾಗೇ ಇದೆ. ನಡೆಯುವಾಗ ಟಿಣ್ ಟಿಣ್ ಅನ್ನುತ್ತದೆ. ಶೂಟಿಂಗ್‌ಗೆ ಮೂರು ಕತ್ತಿ ಮಾಡಿಸಿ. ಕ್ಲೋಸಪ್ಪಿಗೆ ಮೊಂಡು ಮಾಡಿದ ಕಬ್ಬಿಣದ್ದು, ಓಡುವಾಗ ಮರದ್ದು, ಫೈಟ್‌ಗೆ ರಬ್ಬರಿನದು. ಮೂರಕ್ಕೂ ಒಂದೇ ಬಣ್ಣ ಇರಲಿ. ನಾವು ಒಂದು ಸಲ ಬಣ್ಣ ನೋಡದೆ ಮಾಡಿಸಿ, ಒಂದೇ ಫೈಟ್‌ನಲ್ಲಿ ಚಾಕುವಿನ ಹಿಡಿ ಕಪ್ಪಿನಿಂದ ಕಂದಾಗಿ ಮತ್ತೆ ಕಪ್ಪಾಯಿತು.

ಇನ್ನೊಂದು ವಿಷಯ. ಗುರುತು ಬೇಕು ಅಂತ ದೇಹದ ಊನವನ್ನೋ, ಮೈಬಣ್ಣವನ್ನೋ, ಒಂದು ಊರಿನ ಮಾತಿನ ಧಾಟಿಯನ್ನೋ ಹಿಡಿದುಕೊಳ್ಳಬೇಡಿ. ಬಾಂಡ್ ಸಿನಿಮಾಗಳು ಈ ತಪ್ಪನ್ನು ಬೇಕಾದಷ್ಟು ಮಾಡಿವೆ. ನಮ್ಮವರೂ ಕಡಿಮೆಯೇನಿಲ್ಲ. ಚೇಲ ಅಂದ ಕೂಡಲೇ ಬಾಯಿಗೆ ಯಾವುದೋ ಜಿಲ್ಲೆಯ ಕನ್ನಡ ತುರುಕುವುದು ಸೋಮಾರಿ ಬರವಣಿಗೆ. ಕೊನೆಗಾರನ ವಿಷಯದಲ್ಲೂ ಎಚ್ಚರ ಬೇಕು. ಅವನ ಕಸುಬು ಅವನ ಹೆಮ್ಮೆ ಆಗಿರಲಿ, ನಗೆಪಾಟಲು ಆಗೋದು ಬೇಡ.

ಹೆಜ್ಜೆ 4: ಬಾಯಿ ಮುಚ್ಚಿಸಿ

ಹೊಸದಾಗಿ ಬರೆಯುವವರಿಗೆ ಇದು ಕಷ್ಟ. ಚೇಲನಿಗೂ ಪಂಚ್ ಡೈಲಾಗ್ ಕೊಡೋಣ ಅನಿಸುತ್ತದೆ. ಕೊಡಬೇಡಿ. ವಿಲನ್ ಹೇಗೂ ಸುಮ್ನೆ ಇರಲ್ಲ. ಪ್ಲಾನ್ ಎಲ್ಲ ಹೀರೋಗೆ ಕೂರಿಸಿಕೊಂಡು ವಿವರಿಸುತ್ತಾನೆ. ಪಕ್ಕದಲ್ಲಿ ನಿಂತವನು ಮಾತಾಡದೆ ಇದ್ದಷ್ಟೂ ಭಯ ಜಾಸ್ತಿ.

1963ರ ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ರಾಬರ್ಟ್ ಶಾ ಮಾಡಿದ ರೆಡ್ ಗ್ರಾಂಟ್ ಅನ್ನುವ ಕೊಲೆಗಾರ ಸಿನಿಮಾದ ಬಹುಪಾಲು ಒಂದು ಮಾತೂ ಆಡಲ್ಲ. ದೂರದಲ್ಲಿ ನೆರಳಿನ ಹಾಗೆ ಹಿಂಬಾಲಿಸುತ್ತಾನೆ. ಒಂದು ಕಡೆ ಬಾಂಡ್ ಪ್ರಾಣವನ್ನೂ ಅವನೇ ಉಳಿಸುತ್ತಾನೆ, ಯಾಕೆಂದರೆ ಸಾಯಿಸುವ ಟೈಮ್ ಇನ್ನೂ ಬಂದಿಲ್ಲ. ರೈಲಿನಲ್ಲಿ ಬಾಯಿ ಬಿಟ್ಟಾಗ ಮಾತ್ರ ಅವನು ಬೇರೆಯೇ ಮನುಷ್ಯ, ಸಭ್ಯ ಇಂಗ್ಲಿಷ್ ಅಧಿಕಾರಿ. ಊಟಕ್ಕೆ ಮೀನು ತರಿಸಿಕೊಂಡು ಜೊತೆಗೆ ಕೆಂಪು ವೈನ್ ಕೇಳುತ್ತಾನೆ. ಅಲ್ಲಿನ ದೊಡ್ಡ ಮನೆತನದವರು ಮೀನಿನ ಜೊತೆ ಬಿಳಿ ವೈನ್ ಕುಡಿಯುತ್ತಾರೆ. ಅಲ್ಲೇ ಅವನು ಸಿಕ್ಕಿಬೀಳಬೇಕಿತ್ತು. ಬಾಂಡ್‌ಗೆ ಅದು ತಡವಾಗಿ ಹೊಳೆಯುತ್ತದೆ.

ಇದರಿಂದ ಕಲಿಯಬೇಕಾದ್ದು ಇಷ್ಟು: ಚೇಲನಿಗೆ ಸಿನಿಮಾದಲ್ಲಿ ಎರಡೋ ಮೂರೋ ಮಾತು ಇಟ್ಟುಕೊಳ್ಳಿ. ಆಡಿದಾಗ ಏನಾದರೂ ಬದಲಾಗಬೇಕು. ನಮ್ಮ ಕೊನೆಗಾರ ತಮ್ಮನ ಜೊತೆ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡಲ್ಲ. ಬಾಸ್ ಹೇಳಿದ್ದಕ್ಕೆ ಕತ್ತು ಅಲ್ಲಾಡಿಸುತ್ತಾನೆ, ಅಷ್ಟೇ.

ಹೆಜ್ಜೆ 5: ಬರುವ ದಾರಿ

ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ಮೊದಲು ತೆರೆ ಕಾಣುತ್ತದೆ, ಆ ತೆರೆಯ ಹಿಂದಿನ ಅಬ್ಬರ ಕೇಳುತ್ತದೆ. ಪೂರ್ತಿ ಮುಖ ಕಾಣುವುದು ಆಮೇಲೆ. ಮಕ್ಕಳು ಹೆದರುವುದು ತೆರೆ ಹಿಡಿದಿರುವಾಗಲೇ. ಅದೇ ಲೆಕ್ಕ ಇಲ್ಲೂ. ಮೊದಲ ಸಲ ನಮಗೆ ಕತ್ತಿಯ ಟಿಣ್ ಟಿಣ್ ಕೇಳಿದರೆ ಸಾಕು. ಎರಡನೇ ಸಲ ಬರಿಗಾಲು. ಮೂರನೇ ಸಲ ಮುಖ. ಮ್ಯೂಸಿಕ್ ಮಾಡುವವರಿಗೆ ಮೊದಲೇ ಹೇಳಿ, ಆ ಜಾಗದಲ್ಲಿ ಡ್ರಮ್ಸ್ ತುಂಬಿಬಿಟ್ಟರೆ ಟಿಣ್ ಟಿಣ್ ಯಾರಿಗೂ ಕೇಳಿಸಲ್ಲ.

ಹೆಜ್ಜೆ 6: ಫೈಟ್

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಗೆಳೆಯನ ಅಮ್ಮ ನಕ್ಕಿದ್ದೇ ಇಲ್ಲಿ.

ರೇಷನ್ ಕ್ಯೂ ಯಾಕೆ ಆಗುತ್ತದೆ ಗೊತ್ತಾ? ಜಾಗ ದೊಡ್ಡದಿರುತ್ತದೆ. ಖಾಲಿ ಗೋಡೌನಿನಲ್ಲಿ ನಾಲ್ಕು ಜನ ಒಟ್ಟಿಗೆ ನುಗ್ಗಬಹುದು, ಆದರೂ ನುಗ್ಗುತ್ತಿಲ್ಲ. ಅದು ನೋಡುವವರಿಗೆ ಗೊತ್ತಾಗುತ್ತದೆ. ಅದೇ ನಾಲ್ವರನ್ನು ಓಣಿಯಲ್ಲಿ, ಮೆಟ್ಟಿಲಿನಲ್ಲಿ, ಬಸ್ಸಿನ ನಡುದಾರಿಯಲ್ಲಿ ನಿಲ್ಲಿಸಿ. ಒಬ್ಬೊಬ್ಬರೇ ಬರಬೇಕಾಗಿ ಬರುತ್ತದೆ. ಬಾಂಡ್ ಸಿನಿಮಾಗಳು ಪದೇ ಪದೇ ರೈಲಿಗೆ ಹೋಗುವುದು ಸುಮ್ನೆ ಅಲ್ಲ. ಗ್ರಾಂಟ್ ಜೊತೆ ಬಡಿದಾಟ ರೈಲಿನ ಸಣ್ಣ ಕೋಣೆಯಲ್ಲಿ. ಕಬ್ಬಿಣದ ಕೈಯಿನ ಟೀ ಹೀ ಜೊತೆ 1973ರಲ್ಲಿ ಮತ್ತೆ ರೈಲು. ಜಾಸ್ ಜೊತೆ 1977ರಲ್ಲಿ ಮತ್ತೆ ರೈಲು. ಎರಡು ಆಳು, ನಾಲ್ಕು ಗೋಡೆ, ಓಡಲು ಜಾಗ ಇಲ್ಲ.

ಎರಡನೇ ಗುಟ್ಟು: ಚೇಲ ಮೊದಲು ಗೆಲ್ಲಬೇಕು. ಮೊದಲ ಭೇಟಿಯಲ್ಲಿ ಹೀರೋಗೆ ಸರಿಯಾಗಿ ಬೀಳಲಿ. ನಮ್ಮ ಕಥೆಯಲ್ಲಿ ಲಾಡ್ಜಿನ ತಾರಸಿ. ಕೊನೆಗಾರ ತೆಂಗಿನ ಮರದಿಂದ ತಾರಸಿಗೆ ದಾಟಿ ಬರುತ್ತಾನೆ. ಹೀರೋ ಅವನನ್ನು ಬಾಗಿಲ ಕಡೆಯಿಂದ ಕಾಯುತ್ತಿರುತ್ತಾನೆ. ಕೈಲಿರುವ ಸಾಕ್ಷಿ ಹೋಯಿತು, ಹೆಗಲಿಗೆ ಏಟು ಬಿತ್ತು.

ಎರಡನೇ ಭೇಟಿಗೆ ಹೀರೋ ಜಾಗ ಆರಿಸುತ್ತಾನೆ. ಅವನ ಬುದ್ಧಿ ತೋರಿಸಬೇಕಾದ್ದು ಇಲ್ಲೇ. ಮರ ಹತ್ತುವವನನ್ನು ಎಲ್ಲಿಗೆ ಎಳೆಯಬೇಕು? ಬಾಸ್‌ನದೇ ಮೀನಿನ ಕೋಲ್ಡ್ ಸ್ಟೋರೇಜಿಗೆ. ಹೆಪ್ಪುಗಟ್ಟಿಸಿದ ಮೀನು ಇಡುವ ಕೋಣೆ ಸೊನ್ನೆಗಿಂತ 18 ಡಿಗ್ರಿ ಕೆಳಗೋ ಇನ್ನೂ ಕೆಳಗೋ ಇರುತ್ತದೆ. ಇವನು ಬರಿಗಾಲಿನವನು. ಕಬ್ಬಿಣದ ರ‍್ಯಾಕ್ ಹತ್ತಲು ಬರಿಗೈಲಿ ಹಿಡಿಯುತ್ತಾನೆ. ಅರ್ಧ ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಅವನ ಶಕ್ತಿಯೇ ಅವನಿಗೆ ತಿರುಗಿ ಬೀಳುತ್ತದೆ. ಪೇಪರ್ ಮೇಲೆ ಹೀಗೆ ಬರೆಯಿರಿ:

ಕೊನೆಗಾರ ರ‍್ಯಾಕಿನ ಮೂರನೇ ಹಲಗೆ ಹಿಡಿಯುತ್ತಾನೆ. ಕೈ ತೆಗೆಯುತ್ತಾನೆ. ಅಂಗೈ ನೋಡಿಕೊಳ್ಳುತ್ತಾನೆ.
ಕೆಳಗೆ ಹೀರೋ. ಶೂ ಹಾಕಿದ್ದಾನೆ. ಆತುರ ಇಲ್ಲ.
ಕೊನೆಗಾರ ಕೋಟು ಕಳಚಿ ಅಂಗೈಗೆ ಸುತ್ತಿಕೊಳ್ಳುತ್ತಾನೆ. ಮತ್ತೆ ಹಿಡಿಯುತ್ತಾನೆ. ಈ ಸಲ ಹತ್ತುತ್ತಾನೆ.
ಹೀರೋ ಮುಖದಲ್ಲಿ ಆತುರ ಬಂತು.

ಗಮನಿಸಿ, ಒಂದೂ ಗುದ್ದು ಬಿದ್ದಿಲ್ಲ. ಆದರೂ ಫೈಟ್ ನಡೆಯುತ್ತಿದೆ. ಒಬ್ಬ ತೊಂದರೆ ಕೊಡುತ್ತಾನೆ, ಇನ್ನೊಬ್ಬ ಅದಕ್ಕೊಂದು ದಾರಿ ಹುಡುಕುತ್ತಾನೆ. ಚೇಲನೂ ಯೋಚನೆ ಮಾಡುತ್ತಾನೆ ಅನ್ನುವುದು ಕಂಡರೆ ಹೀರೋ ಗೆದ್ದಾಗ ಬೆಲೆ ಬರುತ್ತದೆ. ನಿಜವಾದ ಕೋಲ್ಡ್ ಸ್ಟೋರೇಜಿನಲ್ಲಿ ಮಾತ್ರ ಶೂಟ್ ಮಾಡಬೇಡಿ. ಬಿಳಿ ಗೋಡೆಯ ಸಣ್ಣ ಗೋಡೌನು, ನೀಲಿ ಲೈಟು, ರ‍್ಯಾಕಿನ ಅಂಚಿಗೆ ಒಂದಿಷ್ಟು ಕಲ್ಲುಪ್ಪು ಅಂಟಿಸಿದರೆ ಸಾಕು.

ಗುದ್ದಿನ ಬಗ್ಗೆ: ಕೈಗೂ ಮುಖಕ್ಕೂ ನಡುವೆ ಜಾಗ ಇರಬೇಕು. ಕ್ಯಾಮೆರಾ ಹೊಡೆಯುವವನ ಹೆಗಲ ಹಿಂದೆ ಇದ್ದರೆ ಆ ಜಾಗ ಕಾಣಲ್ಲ. ಪಕ್ಕದಿಂದ ಇಟ್ಟರೆ ಕಳ್ಳತನ ಬಯಲು. ಏಟನ್ನು ನಂಬಿಸುವುದು ಮುಖ್ಯವಾಗಿ ಹೊಡೆಸಿಕೊಳ್ಳುವವನು. ಅವನ ಕತ್ತು ಸರಿಯಾದ ಹೊತ್ತಿಗೆ ತಿರುಗದಿದ್ದರೆ ಎಂಥ ಹೀರೋನೂ ಸೊಳ್ಳೆ ಓಡಿಸಿದ ಹಾಗೆ ಕಾಣುತ್ತಾನೆ. ಫೈಟ್ ಮಾಸ್ಟರುಗಳು ಒಳ್ಳೆ ಫೈಟರ್‌ಗಾಗಿ ಕಾಯುವುದು ಇದಕ್ಕೇ.

ಗನ್ ಇದ್ದರೆ ಗುಂಡು ಎಣಿಸಿ. ಬಾಂಡ್‌ನ ವಾಲ್ಥರ್ ಪಿಪಿಕೆ ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ 7 ಗುಂಡು. ಎಕೆ-47ರಲ್ಲಿ ಸಾಮಾನ್ಯವಾಗಿ 30. ಚೇಲಾಗಳು ಅಷ್ಟೂ ಹಾರಿಸಿ ಒಂದೂ ತಾಗದಿದ್ದರೆ ಜನ ನಗುತ್ತಾರೆ. ತಾಗದಿರಲು ಕಾರಣ ಕೊಡಿ: ಹೊಗೆ, ಕತ್ತಲೆ, ಇಲ್ಲವೇ ಅವನನ್ನು ಜೀವಂತ ತನ್ನಿ ಅನ್ನುವ ಬಾಸ್ ಆರ್ಡರ್. ಕೊನೆಯದು ಪುಕ್ಕಟೆ, ಖರ್ಚೇ ಇಲ್ಲ.

ಹೆಜ್ಜೆ 7: ಸಾವು

ಚೇಲನ ಸಾವು ಅವನ ಗುರುತಿನಿಂದಲೇ ಬರಬೇಕು, ಆದರೆ ನೋಡುವವರಿಗೆ ಮೊದಲೇ ಹೊಳೆಯಬಾರದು. ಆಡ್‌ಜಾಬ್‌ಗೆ ಬಾಂಡ್ ಚಿನ್ನದ ಗಟ್ಟಿ ಎಸೆಯುತ್ತಾನೆ. ಎದೆಗೆ ಬಡಿದು ಬೀಳುತ್ತದೆ, ಅವನು ನಗುತ್ತಾನೆ. ಕೊನೆಗೆ ಬಾಂಡ್ ಅವನದೇ ಟೋಪಿ ಎಸೆಯುತ್ತಾನೆ. ಗುರಿ ತಪ್ಪಿ ಕಬ್ಬಿಣದ ಸರಳುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ತನ್ನ ಟೋಪಿ ತಾನೇ ತೆಗೆದುಕೊಳ್ಳಲು ಹೋಗುತ್ತಾನೆ. ಕೈ ಸರಳಿಗೆ ತಾಗುವ ಹೊತ್ತಿಗೆ ಬಾಂಡ್ ತುಂಡಾದ ಕರೆಂಟ್ ವೈರನ್ನು ಅದೇ ಸರಳಿಗೆ ಮುಟ್ಟಿಸುತ್ತಾನೆ.

ಅದಕ್ಕಿಂತ ಸ್ವಲ್ಪ ಮುಂಚೆ ಒಂದು ಸಣ್ಣ ಘಟನೆ ಇದೆ, ಬಹಳ ಜನ ಗಮನಿಸಲ್ಲ. ಧಣಿ ಇವರನ್ನೆಲ್ಲ ಅಣುಬಾಂಬಿನ ಜೊತೆ ಒಳಗೆ ಕೂಡಿಹಾಕಿ ಹೋಗಿದ್ದಾನೆ. ಇನ್ನೊಬ್ಬ ಚೇಲ ಪ್ರಾಣಭಯದಿಂದ ಬಾಂಬ್ ನಿಲ್ಲಿಸಲು ಓಡುತ್ತಾನೆ. ಆಡ್‌ಜಾಬ್ ಅವನನ್ನು ಎತ್ತಿ ಕೆಳಗೆ ಎಸೆಯುತ್ತಾನೆ. ತಾನೂ ಸಾಯುತ್ತೇನೆ ಅಂತ ಗೊತ್ತಿದ್ದೂ. ಈ ಸೀನ್ ಇಲ್ಲದಿದ್ದರೆ ಟೋಪಿಯ ಸಾವು ಬರೀ ಟ್ರಿಕ್ ಆಗುತ್ತಿತ್ತು.

ಗ್ರಾಂಟ್ ಕಥೆಯೂ ಹಾಗೇ. ಗುರಿ ಇಟ್ಟು ನಿಂತಿದ್ದವನಿಗೆ ಬಾಂಡ್ ತನ್ನ ಸೂಟ್‌ಕೇಸಿನಲ್ಲಿರುವ 50 ಚಿನ್ನದ ನಾಣ್ಯದ ಆಸೆ ತೋರಿಸುತ್ತಾನೆ. ಅವನಿಗೆ ಅಷ್ಟು ಸಾಲದು, ಇನ್ನೊಂದು ಸೂಟ್‌ಕೇಸಿನಲ್ಲೂ ಇರಬಹುದಲ್ಲ ಅಂತ ತೆಗೆಯುತ್ತಾನೆ. ಮುಖಕ್ಕೆ ಅಶ್ರುವಾಯು. ಕೊನೆಗೆ ಅವನ ವಾಚಿನೊಳಗಿನ ತಂತಿಯೇ ಅವನ ಕತ್ತಿಗೆ ಬರುತ್ತದೆ.

ನಮ್ಮ ಕೊನೆಗಾರನಿಗೆ ಮೊದಲ ಸೀನಿನಿಂದಲೂ ಒಂದು ಅಭ್ಯಾಸ ಇಡಿ. ಯಾವ ಕಂಬ ಹತ್ತುವ ಮುಂಚೆಯೂ ಕತ್ತಿಯ ಬೆನ್ನಿನಿಂದ ಎರಡು ಸಲ ತಟ್ಟಿ ಕಿವಿಗೊಡುತ್ತಾನೆ. ಟೊಳ್ಳೋ ಗಟ್ಟಿಯೋ ಅಂತ. ತಮ್ಮ ಬಿದ್ದಾಗಿನಿಂದ ಶುರುವಾದ ಅಭ್ಯಾಸ. ಟವರ್ ಹತ್ತುವಾಗ ತಟ್ಟುತ್ತಾನೆ, ತೆಂಗಿನ ಮರಕ್ಕೂ ತಟ್ಟುತ್ತಾನೆ. ಹೀರೋ ಅದನ್ನು ಒಮ್ಮೆ ದೂರದಿಂದ ನೋಡುತ್ತಾನೆ, ಏನೂ ಹೇಳಲ್ಲ.

ಕ್ಲೈಮ್ಯಾಕ್ಸ್, ದೋಣಿ ನಿಲ್ಲುವ ಹಳೇ ಧಕ್ಕೆ. ತುಕ್ಕು ಹಿಡಿದ ಕ್ರೇನ್ ಕಂಬದ ಮೇಲೆ ಹೀರೋ. ಕೊನೆಗಾರ ಕೆಳಗೆ ಬಂದು ಕತ್ತಿ ತೆಗೆಯುತ್ತಾನೆ, ತಟ್ಟಲು ಕೈ ಎತ್ತುತ್ತಾನೆ. ಅಷ್ಟರಲ್ಲಿ ಫೋನ್. ತಮ್ಮನ ನಂಬರ್. ಎತ್ತಿದರೆ ಬಾಸ್ ದನಿ: “ನಿನ್ನ ತಮ್ಮನ ಪಕ್ಕದಲ್ಲೇ ಕೂತಿದ್ದೀನಿ. ಬೇಗ ಮುಗಿಸು.” ಕತ್ತಿ ಕೊಕ್ಕೆಗೆ ಹೋಗುತ್ತದೆ. ತಟ್ಟಲಿಲ್ಲ. ಹತ್ತಿದ.

ಕಂಬ ಮುರಿಯುವಾಗ ಹೀರೋ ಒಂದು ಹಗ್ಗ ಎಸೆಯಬೇಕಾ ಬೇಡವಾ ಅಂತ ನಾವು ಮೂವರು ಕೂತು ಎರಡು ದಿನ ಜಗಳ ಆಡಿದೆವು. ಎಸೆಯಲಿ ಅಂತ ನನ್ನ ವಾದ. ಕೊನೆಗಾರ ಹಗ್ಗದ ತುದಿ ಹಿಡಿಯುತ್ತಾನೆ, ಮೇಲೆ ನೋಡುತ್ತಾನೆ. ಇಷ್ಟು ದಿನ ನೇಣು ಮೇಲಿನಿಂದ ಬಿಡುತ್ತಿದ್ದವನು ಈಗ ಅದರ ಕೆಳಗಿನ ತುದಿಯಲ್ಲಿದ್ದಾನೆ. ಅವನು ಬದುಕುತ್ತಾನೋ ಇಲ್ಲವೋ ನಿಮಗೆ ಬಿಟ್ಟಿದ್ದು. ನನಗಂತೂ ಬಿಡಲು ಮನಸ್ಸು ಬರಲಿಲ್ಲ.

ಹೆಜ್ಜೆ 8: ಉಳಿದ ಗುಂಪು

ಹೆಸರಿಲ್ಲದ ಚೇಲಾಗಳೂ ಬೇಕಲ್ಲ. 1967ರ ‘ಯೂ ಓನ್ಲಿ ಲಿವ್ ಟ್ವೈಸ್’ಗೆ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಸೆಟ್ ಡಿಸೈನರ್ ಕೆನ್ ಆಡಮ್ ಒಂದು ಜ್ವಾಲಾಮುಖಿಯ ಸೆಟ್ ಕಟ್ಟಿದರು. ಖರ್ಚು ಸುಮಾರು 10 ಲಕ್ಷ ಡಾಲರ್. ಐದು ವರ್ಷ ಮುಂಚೆ ಬಂದ ಮೊದಲ ಬಾಂಡ್ ಸಿನಿಮಾ ಇಡೀ ಮುಗಿದದ್ದು ಹೆಚ್ಚುಕಮ್ಮಿ ಅಷ್ಟರಲ್ಲೇ. ನಮ್ಮ ಕೈಲಿ ಅದು ಆಗಲ್ಲ, ಆಗಬೇಕಾಗೂ ಇಲ್ಲ. ಆರು ಜನ ಸಾಕು. ಎಲ್ಲರಿಗೂ ಒಂದೇ ಯೂನಿಫಾರ್ಮ್ ಕೊಡಿ, ಮೀನಿನ ಕಂಪನಿಯ ಏಪ್ರನ್ನು, ಗಂಬೂಟು. ಒಬ್ಬ ಟೀ ಕುಡಿಯುತ್ತಿರಲಿ, ಇನ್ನೊಬ್ಬ ಕ್ರಿಕೆಟ್ ಸ್ಕೋರ್ ಕೇಳುತ್ತಿರಲಿ. ಅಲಾರಂ ಹೊಡೆದಾಗ ಟೀ ಲೋಟ ಎಲ್ಲಿಡಬೇಕು ಅಂತ ಹುಡುಕುವವನನ್ನು ಜನ ಮರೆಯಲ್ಲ.

ಹೆಜ್ಜೆ 9: ಸೆಟ್ಟಿನಲ್ಲಿ

ಚೇಲನ ಪಾತ್ರ ಮಾಡುವವನು ನಿಜವಾಗಿ ಬೀಳುತ್ತಾನೆ. ಹೀರೋಗೆ ಡ್ಯೂಪ್ ಇರುತ್ತಾನೆ, ಇವನಿಗೆ ಹೆಚ್ಚಾಗಿ ಇರಲ್ಲ. ಆಡ್‌ಜಾಬ್ ಮಾಡಿದ ಹೆರಾಲ್ಡ್ ಸಕಾಟ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದವರು. ಕರೆಂಟ್ ಹೊಡೆಯುವ ಶಾಟ್‌ನಲ್ಲಿ ಕಿಡಿ ಹಾರಿ ಕೈ ಸುಡುತ್ತಿದ್ದರೂ ಕಟ್ ಅನ್ನುವವರೆಗೆ ಬಿಡಲಿಲ್ಲ. ಇದನ್ನು ಶೌರ್ಯ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕೇಳಿದರೆ, ಅವತ್ತು ಕಟ್ ಹೇಳಲು ತಡವಾಯಿತು.

ನಮ್ಮಲ್ಲಿ ಇದಕ್ಕಿಂತ ಕೆಟ್ಟದ್ದು ಆಗಿದೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕ್ಲೈಮ್ಯಾಕ್ಸ್ ಶೂಟಿಂಗ್ ನಡೆಯುವಾಗ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಖಳನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಜೊತೆಗೆ ಹಾರಿದ ನಾಯಕನಟನನ್ನು ಉಳಿಸಲಾಯಿತು.

ಆದ್ದರಿಂದ ನಮ್ಮ ಕೊನೆಗಾರ 40 ಅಡಿ ಹತ್ತುವುದಿಲ್ಲ. 4 ಅಡಿ ಹತ್ತುತ್ತಾನೆ, ಕೆಳಗೆ ಬೆಡ್ ಇರುತ್ತದೆ, ಕ್ಯಾಮೆರಾ ನೆಲಕ್ಕೆ ಮಲಗಿ ಮೇಲೆ ನೋಡುತ್ತದೆ. ಎತ್ತರದ ಶಾಟ್ ಬೇಕೇ ಬೇಕಿದ್ದರೆ ರೋಪ್ ಕಟ್ಟಲು ಬರುವ ಫೈಟ್ ಮಾಸ್ಟರನ್ನು ಕರೆಸಿ. ಅದಕ್ಕೆ ದುಡ್ಡಿಲ್ಲದಿದ್ದರೆ ಆ ಶಾಟ್ ಬಿಡಿ. ನೀರಿನ ಸೀನಿದ್ದರೆ ನಟನಿಗೆ ಈಜು ಬರುತ್ತದಾ ಅಂತ ಫೋನಿನಲ್ಲಿ ಕೇಳಬೇಡಿ. ಅವಕಾಶ ತಪ್ಪುತ್ತದೆ ಅಂತ ಎಲ್ಲರೂ ಬರುತ್ತದೆ ಅನ್ನುತ್ತಾರೆ. ಕರೆದುಕೊಂಡು ಹೋಗಿ ನೋಡಿ. ಬಟ್ಟೆ ಒಳಗೆ ಮೊಣಕಾಲು, ಮೊಣಕೈಗೆ ಪ್ಯಾಡ್ ಹಾಕಿಸಿ. ಆಟಿಕೆ ಗನ್ ಹಿಡಿದು ಹೊರಗೆ ಶೂಟ್ ಮಾಡುವುದಿದ್ದರೆ ಹತ್ತಿರದ ಠಾಣೆಗೆ ಮೊದಲೇ ಲೆಟರ್ ಕೊಟ್ಟು ಬನ್ನಿ. ದಾರಿಹೋಕರಿಗೆ ನಿಮ್ಮ ಕ್ಯಾಮೆರಾ ಕಾಣಲ್ಲ, ಗನ್ ಕಾಣುತ್ತದೆ.

ಇನ್ನು ಪೇಮೆಂಟು. ಚೇಲಾಗಳ ಪಾರ್ಟು ಸಾಮಾನ್ಯವಾಗಿ ಒಂದೇ ದಿನದ್ದು. ಮುಂದಿನ ವಾರ ಕೊಡ್ತೀನಿ ಅಂತ ಹೇಳಬೇಡಿ. ಪ್ಯಾಕಪ್ ಆದಾಗಲೇ, ಮುಖಕ್ಕೆ ಹಚ್ಚಿದ ರಕ್ತ ಒರೆಸಿಕೊಳ್ಳುತ್ತಿರುವಾಗಲೇ ಕೈಗೆ ಕೊಟ್ಟುಬಿಡಿ.